ಹುಲಗೇಶನ ಪಾಳಿ

ಸೋಮವಾರ ಹಾನಗಲ್ಲಿನಿಂದ ಭತ್ತದ ಚೀಲ, ಮಂಗಳವಾರ ಹಿರೇಕೆರೂರಿಗೆ ಗೊಬ್ಬರ, ಬುಧವಾರ ಸವಣೂರಿನಿಂದ ವೀಳ್ಯದೆಲೆಯ ಪೆಂಡಿ, ಗುರುವಾರ ಮತ್ತೆ ಹಾನಗಲ್ಲು. ಶುಕ್ರವಾರ ಬೆಳಗಾಗುವ ಹೊತ್ತಿಗೆ ಹುಲಗೇಶನಿಗೆ ತನ್ನ ಸೊಂಟ ತನ್ನದೋ ಬೇರೆಯವರದೋ ತಿಳಿಯದಂತಾಗಿತ್ತು. ಇವತ್ತೊಂದು ದಿನ ಸರಕಿನ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ, ಉಂಡು, ಗೋಡೆಗೆ ಮುಖ ಮಾಡಿ ಮಲಗಿಬಿಡಬೇಕು ಅಂದುಕೊಂಡ. ಅಂದುಕೊಂಡದ್ದೇ ತಡ, ಫೋನು ಹೊಡೆದುಕೊಂಡಿತು. ದಣಿದವನ ಮನೆಗೆ ಭಾರ ಹುಡುಕಿಕೊಂಡು ಬರುತ್ತದೆ ನೋಡಿ, ಅದಕ್ಕೆ ಯಾರೂ ದಾರಿ ತೋರಿಸಬೇಕಾಗಿಲ್ಲ. ಫೋನು ರುದ್ರೇಶನದು.

"ಲೇ ಹುಲಗ್ಯಾ, ಮನಿ ಸಾಮಾನೆಲ್ಲಾ ಇವತ್ತ ಶಿಗ್ಗಾಂವಿಗೆ ಒಯ್ಯಬೇಕೋ. ಮೂರು ಟ್ರಿಪ್ ಆಗ್ತಾವು. ಬರ್ತೀಯಲ್ಲ?"

"ಬರ್ತೇನ್ರಿ," ಎಂದ ಹುಲಗೇಶ. ಇಲ್ಲ ಅನ್ನುವುದಕ್ಕೂ ಸ್ವಲ್ಪ ಶಕ್ತಿ ಬೇಕಾಗುತ್ತದೆ, ಅದು ಅವನಲ್ಲಿ ಉಳಿದಿರಲಿಲ್ಲ.

ಇಬ್ಬರೂ ಹಿರೇಬೆಂಡಿಗೇರಿಯವರೇ. ಒಂದೇ ವಾರಿಗೆಯವರು, ಏಳನೆಯ ಇಯತ್ತೆಯವರೆಗೆ ಒಂದೇ ಕೋಣೆಯಲ್ಲಿ ಕುಳಿತು ಕಲಿತವರು. ಆದರೂ ಒಬ್ಬನ ಬಾಯಲ್ಲಿ 'ಲೇ' ಬರುತ್ತಿತ್ತು, ಇನ್ನೊಬ್ಬನ ಬಾಯಲ್ಲಿ 'ರೀ' ಬರುತ್ತಿತ್ತು. ಅದನ್ನು ಯಾವ ಮಾಸ್ತರರೂ ಕಲಿಸಿರಲಿಲ್ಲ. ಈಗ ಅಣ್ಣತಮ್ಮಂದಿರು ಬೇರೆಯಾಗಿ, ಹೊಲ, ದನ, ಹಂಡೆ, ತಪ್ಪಲಿಯೆಲ್ಲ ಹಂಚಿಕೆಯಾಗಿ, ರುದ್ರೇಶ ಶಿಗ್ಗಾಂವಿಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಹಂಚಿಕೆಯಲ್ಲಿ ಅಜ್ಜಿ ವೀರವ್ವನೂ ಅವನ ಪಾಲಿಗೇ ಬಂದಿದ್ದಳು. ಎಂಬತ್ತೆಂಟು ವರ್ಷದ ಮುದುಕಿ. ಕಿವಿ ಮಂದ, ನಾಲಗೆ ಚುರುಕು.

ಎರಡು ಟ್ರಿಪ್‌ನಲ್ಲಿ ಕಪಾಟು, ಮಂಚ, ಕಾಳಿನ ಡಬ್ಬಿಗಳು ಹೋದವು. ಮೂರನೆಯ ಟ್ರಿಪ್‌ಗೆ ಉಳಿದದ್ದು ಮುದುಕಿ ಮತ್ತು ಮುದುಕಿಯ ಟ್ರಂಕು. ಅದನ್ನು ಬಿಟ್ಟು ತಾನು ಹೊರಡುವುದಿಲ್ಲ, ತನ್ನನ್ನು ಬಿಟ್ಟು ಅದು ಹೊರಡಬಾರದು ಎಂದು ಅವಳ ಹಟ. ಟ್ರಂಕು ಹಿಂದೆ ಕೂತಿತು, ಮುದುಕಿ ಹುಲಗೇಶನ ಪಕ್ಕದಲ್ಲಿ ಕೂತಳು. ಸೆರಗು ಎಲ್ಲಿ ಇವನಿಗೆ ತಾಕೀತೋ ಎಂದು ಬಾಗಿಲಿಗೇ ಅಂಟಿಕೊಂಡು ಕೂತಳು. ದಾರಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿ ಬಾಗಿಲು ಸರಿಯಾಗಿ ಹಾಕಿದೆಯೋ ಇಲ್ಲವೋ ಎಂದು ಹುಲಗೇಶನೇ ಇಳಿದು ನೋಡಬೇಕಾಯಿತು. ಬಿದ್ದುಗಿದ್ದಾಳು, ಪಾಪ.

ಶಿಗ್ಗಾಂವಿಯ ಹೊಸ ಮನೆಯ ಮುಂದೆ ಟ್ರಂಕು ಇಳಿಸುವಾಗ ಆಗಬಾರದ್ದು ಆಯಿತು. ಒಂದು ಕಡೆ ಹುಲಗೇಶ ಹಿಡಿದಿದ್ದ, ಇನ್ನೊಂದು ಕಡೆ ರುದ್ರೇಶ. ತುಕ್ಕು ಹಿಡಿದ ಚಿಲಕ ಕಿತ್ತುಬಂತು. ಇಳಕಲ್ ಸೀರೆಗಳು, ಹಿತ್ತಾಳೆಯ ಆರತಿ ತಟ್ಟೆ, ವಿಭೂತಿ ಉಂಡೆ, ಹಳೆಯ ಫೋಟೋಗಳೆಲ್ಲ ಅಂಗಳಕ್ಕೆ ಸುರಿದವು. ಅವುಗಳ ಜೊತೆಗೆ ಹಳೆಯ ಕುಪ್ಪಸದ ತುಂಡಿನಲ್ಲಿ ಸುತ್ತಿದ ಒಂದು ಗಂಟೂ ಉರುಳಿ ಬಂದು ಬಿಚ್ಚಿಕೊಂಡಿತು.

ಬೂದಿ ಬಣ್ಣದ, ಅಂಗೈಗಿಂತ ಚೂರು ಉದ್ದದ ವಿಡಿಯೋ ಗೇಮು.

"ಅಯ್ಯಯ್ಯಯ್ಯ! ನನ್ನ ಗೇಮಲ್ಲೋ ಇದು!" ರುದ್ರೇಶ ಟ್ರಂಕಿನ ತನ್ನ ತುದಿಯನ್ನು ನೆಲಕ್ಕೆ ಬಿಟ್ಟು ಹುಡುಗನಂತೆ ಹಾರಿದ. "ಅಂಕಿತಾ, ಬಾರ ಇಲ್ಲೆ, ನೋಡ ಇಲ್ಲೆ! ಹೇಳಿದ್ನಿಲ್ಲ ನಿನಗ? ನಮ್ಮ ಮಾವ ಹುಬ್ಬಳ್ಳಿಯಿಂದ ತಂದುಕೊಟ್ಟಿದ್ದ!"

ಅವನ ಹೆಂಡತಿ ಅಂಕಿತಾ ಒಳಗಿನಿಂದಲೇ "ಮೊದಲ ಸಾಮಾನ ಒಳಗ ತರ್ರಿ" ಎಂದಳು. ಅವನಿಗೆ ಎಲ್ಲಿ ಕೇಳಬೇಕು? ಹಿಂದಿನ ಟ್ರಿಪ್‌ನಲ್ಲಿ ಬಂದು ಕಟ್ಟೆಯ ಮೇಲಿದ್ದ ಗೋಡೆ ಗಡಿಯಾರವನ್ನು ಬೋರಲು ಹಾಕಿ ಅದರ ಸೆಲ್ ಕಿತ್ತ. ಇನ್ನೊಂದು ಸೆಲ್ ಟಿವಿ ರಿಮೋಟಿನಿಂದ ಬಂತು. ಗೇಮಿನೊಳಗೆ ಹಳೆಯ ಸೆಲ್ಲುಗಳು ಹಸಿರು ಕಿಲುಬು ಕಾರಿಕೊಂಡಿದ್ದವು. ಬೀಗದ ಕೈಯಿಂದ ಕೆರೆದು, ಉಫ್ ಎಂದು ಊದಿ, ಹೊಸವನ್ನು ಹಾಕಿ ಗುಂಡಿ ಒತ್ತಿದ. ಟೀಂಟಿರಿಂಟೀಂ ಎಂದು ರಾಗ ಹಾಡಿಕೊಂಡು ಅದು ಎದ್ದಿತು. ಮೇಲಿನಿಂದ ಇಟ್ಟಿಗೆಗಳು ಇಳಿಯತೊಡಗಿದವು.

"ಎಡಕಿನ ಗುಂಡಿ ಹೋಗೇತಲೇ. ಬರೇ ಬಲಕ್ಕ ಹೊಂಟೈತಿ," ಎನ್ನುತ್ತ ರುದ್ರೇಶ ನಕ್ಕ. ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಆಡಿದ, ಸತ್ತ, ಮತ್ತೆ ಆಡಿದ. ಟ್ರಂಕಿನ ಇನ್ನೊಂದು ತುದಿ ಇನ್ನೂ ಹುಲಗೇಶನ ಕೈಯಲ್ಲೇ ಇತ್ತು. ಅದನ್ನು ಕೆಳಗಿಡಬೇಕೆಂಬುದೇ ಅವನಿಗೆ ಹೊಳೆಯಲಿಲ್ಲ.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಇಡೀ ಊರಿಗೆ ಅದೊಂದೇ ಗೇಮು. ಅದರ ಮೈಮೇಲೆ ಸಾವಿರಾರು ಆಟ ಎಂದು ಬರೆದಿತ್ತು. ಇದ್ದದ್ದು ಒಂದೇ, ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಂದಿಲ್ಲದಂತೆ ಕೂಡಿಸುವುದು. ಶಾಲೆ ಬಿಟ್ಟಮೇಲೆ ರುದ್ರೇಶನ ಮನೆಯ ಕಟ್ಟೆಗೆ ಹುಡುಗರ ಪಾಳಿ ಹತ್ತುತ್ತಿತ್ತು. ಪೇರಲಹಣ್ಣು ಕೊಟ್ಟವನಿಗೆ ಒಂದು ಆಟ, ಲೆಕ್ಕ ಬಿಡಿಸಿ ಕೊಟ್ಟವನಿಗೆ ಎರಡು ಆಟ. ಹುಲಗೇಶ ಪಾಳಿಯ ಕೊನೆಗೆ, ಕಟ್ಟೆಯ ಕೆಳಗೆ ನಿಲ್ಲುತ್ತಿದ್ದ. ಅವನ ಪಾಳಿ ಬರುವಷ್ಟರಲ್ಲಿ ಸೆಲ್ ಮುಗಿಯುತ್ತಿತ್ತು, ಇಲ್ಲವೇ ರುದ್ರೇಶನಿಗೆ ಊಟಕ್ಕೆ ಕರೆ ಬರುತ್ತಿತ್ತು. ಒಂದು ಸಂಜೆ ರುದ್ರೇಶನಿಗೆ ಏನನಿಸಿತೋ, "ನಾಳೆ ಮೊದಲ ಪಾಳಿ ನಿಂದಲೇ" ಎಂದ. ಹುಲಗೇಶ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಹೋಗಿ ಆ ಮನೆಯ ಬಾಗಿಲಲ್ಲಿ ನಿಂತ. ಅಂದೇ ಬೆಳಿಗ್ಗೆ ಗೇಮು ಕಾಣೆಯಾಗಿತ್ತು.

ಇಷ್ಟು ನಸುಕಿನಲ್ಲಿ ಇವನಿಗೇನು ಕೆಲಸ ಇಲ್ಲಿ? ಮಾತು ಅಲ್ಲಿಂದ ಹುಟ್ಟಿತು. ಮಧ್ಯಾಹ್ನ ಪಕ್ಕದೂರಿನಿಂದ ಮಂತ್ರಗಾರ ನಾಗಪ್ಪ ಬಂದ. ಕಳವಾದಾಗ ಅಕ್ಕಿ ಮಂತ್ರಿಸಿ ಕೊಡುವವನು ಅವನು. ಕಟ್ಟೆಯ ಮುಂದೆ ಆರು ಹುಡುಗರನ್ನು ಸಾಲಾಗಿ ಕೂಡಿಸಿ, ಬಾಯಿಗೆ ಚಿಟಿಕೆ ಚಿಟಿಕೆ ಅಕ್ಕಿ ಹಾಕಿ, ಅಗಿದು ಮುತ್ತಲ ಎಲೆಯ ಮೇಲೆ ಉಗುಳಿರಿ ಎಂದ. ಕದ್ದವನ ಅಕ್ಕಿ ಒಣಗಿ ಬರುತ್ತದೆ, ಉಳಿದವರದು ಎಂಜಲಲ್ಲಿ ನೆನೆದು ಬರುತ್ತದೆ. ಐವರ ಅಕ್ಕಿ ನೆನೆದು ಬಂತು. ಹುಲಗೇಶನದು ಬೀಸಿದ ಹಿಟ್ಟಿನಂತೆ ಒಣಒಣಗಿ ಬಿತ್ತು.

ಆಮೇಲೆ ಹೇಳುವುದೇನು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದರು. ಅವ್ವ ಚೌಡವ್ವ ಎಲ್ಲರ ಮುಂದೆ ಹಸಿ ಬರಲು ಕಿತ್ತು, ಆ ಕಡ್ಡಿ ಮುರಿಯುವವರೆಗೆ ಹೊಡೆದಳು. "ಎಲ್ಲಿ ಇಟ್ಟೀ ಹೇಳೋ, ಹೇಳಿಬಿಡೋ" ಎಂದು ಅಳುತ್ತ ಹೊಡೆದಳು. ಇಟ್ಟಿದ್ದರೆ ತಾನೆ ಹೇಳುವುದು? ಒಂದು ಸಲವೂ ಆಡದ ಗೇಮಿಗಾಗಿ ಹುಡುಗ ಏಟು ತಿಂದ. ಶಾಲೆಯಲ್ಲಿ 'ಗೇಮ್ ಕಳ್ಳ' ಎಂಬ ಹೆಸರು ಬಿತ್ತು. ಶಾಲೆ ಬಿಟ್ಟ. ರಟ್ಟೀಹಳ್ಳಿಯ ಮಾವನ ಹತ್ತಿರ ಹೋಗಿ ಲಾರಿ ತೊಳೆದ, ಕ್ಲೀನರ್ ಆದ, ಡ್ರೈವರ್ ಆದ, ಮದುವೆಯಾಗಿ ತಿರುಗಿ ಊರಿಗೆ ಬಂದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ಊರವರಿಗೆ ಆ ಕಳವು ಮರೆತೇ ಹೋಗಿತ್ತು ನಿಜ. ಅವ್ವನಿಗೆ ಮರೆತಿರಲಿಲ್ಲ. ಅಂದಿನಿಂದ ಇಂದಿನವರೆಗೆ, ಮಗ ಮನೆಗೆ ಬಂದು ಅಂಗಿ ಕಳಚಿ ಮೊಳೆಗೆ ಹಾಕಿದೊಡನೆ ಚೌಡವ್ವ ಎದ್ದು ಹೋಗಿ ಅದರ ಜೇಬು ನೋಡುತ್ತಾಳೆ. ಮೂವತ್ತೇಳು ವರ್ಷದ ಮಗ, ಎದೆಯೆತ್ತರದ ಮಗಳಿರುವ ಮಗ. ಬೈದದ್ದಿಲ್ಲ, ಕೇಳಿದ್ದಿಲ್ಲ. ಬರೀ ಜೇಬಿಗೆ ಕೈ ಹಾಕಿ ನೋಡಿ, ಹೋಗಿ ಕೂಡುತ್ತಾಳೆ. ಹುಲಗೇಶನಿಗೆ ಜೀವನದಲ್ಲಿ ಬೇರೆ ಯಾರ ಮಾತಿನ ಹಂಗೂ ಇರಲಿಲ್ಲ. ಆ ಕೈಯೊಂದು ತನ್ನ ಜೇಬಿಗೆ ಬರುವುದು ನಿಲ್ಲಬೇಕಿತ್ತು, ಅಷ್ಟೆ.

ಅವನು ಟ್ರಂಕು ಕೆಳಗಿಟ್ಟು ಮುದುಕಿಯ ಮುಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು ಗಟ್ಟಿಯಾಗಿ ಕೇಳಿದ.

"ಅಮ್ಮಾರ, ಇದನ್ನ ಟ್ರಂಕಿನ್ಯಾಗ ನೀವ ಇಟ್ಟಿದ್ರೇನ್ರಿ?"

ವೀರವ್ವ ಗೇಮನ್ನು ದೂರದಿಂದಲೇ ನೋಡಿ ಮುಖ ಕಿವಿಚಿದಳು. "ಹೂಂ, ನಾನ ಇಟ್ಟಿದ್ದೆ. ಪೂಜಿಗೆ ಕುಂತ್ರ ಸಾಕು, ಕೀಂ ಕೀಂ ಅಂತಿತ್ತು ಹಾಳಾದ್ದು. ತಗದು ಒಳಗ ಒಗದೆ."

"ಹಂಗಾರ ಅವತ್ತ ಯಾಕ ಹೇಳಲಿಲ್ರಿ?"

"ಹೇಳಬೇಕಂತನ ಹೊರಗ ಬಂದೆ. ಬರೂದ್ರಾಗ ಅಕ್ಕಿ ನಿನ್ನ ಹೆಸರ ಹೇಳಿಬಿಟ್ಟಿತ್ತು. ಅಕ್ಕಿ ಸುಳ್ಳ ಹೇಳ್ತೈತೇನೋ? ನಾ ಇಟ್ಟದ್ದು ಬ್ಯಾರೇದು ಇರಬೇಕು, ನೀ ಕದ್ದದ್ದು ಬ್ಯಾರೇದು ಇರಬೇಕು ಅಂದಕೊಂಡೆ."

"ಮನ್ಯಾಗ ಎರಡ ಇದ್ದೂವೇನ್ರಿ?"

"ಅದೆಲ್ಲಾ ನನಗೇನ ಗೊತ್ತೋ ಮಾರಾಯಾ! ನನ್ನ ಸೀರಿ ಮಣ್ಣಾಗ ಬಿದ್ದಾವು, ಮೊದಲ ಅವನ್ನ ಎತ್ತು."

ಶಿವಶಿವಾ! ತನ್ನ ಕೈಯಾರೆ ಇಟ್ಟದ್ದನ್ನೇ ನಂಬದೆ ಆರು ಕಾಳು ಅಕ್ಕಿಯನ್ನು ನಂಬಿದ ಹೆಂಗಸಿಗೆ ಏನು ಹೇಳುವುದು? ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅದೂ ದಣಿದು ಎಲ್ಲೋ ಕೂತುಬಿಟ್ಟಿತ್ತು. ಹುಲಗೇಶ ಸೀರೆಗಳನ್ನು ಒಂದೊಂದಾಗಿ ಎತ್ತಿ, ಮಣ್ಣು ಕೊಡವಿ, ಮಡಿಚಿ ಇಟ್ಟ.

ಅಷ್ಟರಲ್ಲಿ ರುದ್ರೇಶನಿಗೂ ಎಲ್ಲ ನೆನಪಾಗಿತ್ತು. ಆಟ ನಿಲ್ಲಿಸಿ ತಲೆ ಕೆರೆದುಕೊಂಡ. "ಪಾಪ, ಅವತ್ತ ನಿನಗ ಭಾಳ ಹೊಡದ್ರಲ್ಲೋ. ಇರಲಿ ಬಿಡು, ಹುಡುಗರಾಗಿನ ಮಾತು. ತಗೋ, ನೀನ ಇಟಗೋ ಇದನ್ನ."

"ಅದು ಬ್ಯಾಡ್ರಿ. ಒಂದ ಮಾತು ನಮ್ಮವ್ವಗ ಹೇಳ್ತೀರೇನ್ರಿ? ಫೋನಿನ್ಯಾಗರ ಹೇಳ್ರಿ. ಇದು ನಿಮ್ಮ ಮನ್ಯಾಗ ಇತ್ತು, ಹುಲಗೇಶ ತಗೊಂಡಿದ್ದಿಲ್ಲ ಅಂತ."

"ಈಗೇನಂತ ಹೇಳಲೋ, ಇಪ್ಪತ್ತೈದ ವರ್ಷದ ಮ್ಯಾಲೆ? ನಗ್ತಾರ ಮಂದಿ. ಗೃಹಪ್ರವೇಶ ಮುಗೀಲಿ, ಊರಿಗೆ ಬಂದಾಗ ನೋಡೋಣಂತ." ಎನ್ನುತ್ತ ರುದ್ರೇಶ ಗೇಮನ್ನು ಅವನ ಅಂಗಿಯ ಜೇಬಿಗೆ ತಾನೇ ತುರುಕಿ ಬೆನ್ನು ತಟ್ಟಿದ.

ಊರಿನ ದಾರಿಯಲ್ಲಿ ಒಂದು ಕಡೆ ಹುಲಗೇಶ ಗಾಡಿಯನ್ನು ಬದಿಗೆ ನಿಲ್ಲಿಸಿದ. ಹೊತ್ತು ಇಳಿಯುತ್ತಿತ್ತು. ದುಂಡಸಿಯ ಕಡೆಯ ಬಸ್ಸೊಂದು ಧೂಳೆಬ್ಬಿಸಿಕೊಂಡು ಹೋಯಿತು. ಅವನು ಗೇಮು ತೆಗೆದು ಗುಂಡಿ ಒತ್ತಿದ. ಅವನ ಪಾಳಿ ಬಂದಿತ್ತು.

ಆಡಲು ಬರಲಿಲ್ಲ. ಎಲ್ಲಿಂದ ಬರಬೇಕು? ದಪ್ಪ ಬೆರಳುಗಳು ಒಂದು ಗುಂಡಿ ಒತ್ತಿದರೆ ಎರಡು ಒತ್ತಿಕೊಳ್ಳುತ್ತಿದ್ದವು. ಇಟ್ಟಿಗೆಗಳೆಲ್ಲ ಬಲಕ್ಕೇ ಹೋಗಿ ಗೋಪುರವಾಗಿ ನಿಂತು ಆಟ ಮುಗಿಯುತ್ತಿತ್ತು. ನಾಲ್ಕನೆಯ ಸಲಕ್ಕೆ ಉಪಾಯ ತಿಳಿಯಿತು. ಎಡಕಿನ ಗುಂಡಿಯನ್ನು ಉಗುರಿನಿಂದ ಒತ್ತಿ ಹಿಡಿದರೆ ಇಟ್ಟಿಗೆ ಒಂದೊಂದು ಸಲ ಎಡಕ್ಕೂ ಸರಿಯುತ್ತಿತ್ತು. ಏಳನೆಯ ಸಲಕ್ಕೆ ಒಂದು ಸಾಲು ಪೂರ್ತಿಯಾಗಿ ಕೂಡಿತು, ಮಿಣಮಿಣ ಮಿಂಚಿ ಮಾಯವಾಯಿತು. ಹುಲಗೇಶ "ಹೇ!" ಎಂದು ಗಟ್ಟಿಯಾಗಿ ನಕ್ಕುಬಿಟ್ಟ. ನಕ್ಕದ್ದಕ್ಕೆ ನಾಚಿಕೆಯಾಯಿತು. ಇಷ್ಟೇ ಇದು, ಇಷ್ಟರ ಸಲುವಾಗಿ ನನ್ನ ಶಾಲೆ ಹೋಯಿತು ಅಂದುಕೊಂಡ. ಆದರೂ ಇನ್ನೊಂದು ಆಟ ಆಡಿದ. ಅವ್ವನ ಮುಂದೆ ಇದನ್ನು ಹೇಗೆ ಇಡಬೇಕು, ಮೊದಲ ಮಾತು ಯಾವುದು ಎಂದು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತ ಬಂದ.

ಜೋಡಿಸಿದ ಮಾತು ಯಾವತ್ತು ಉಪಯೋಗಕ್ಕೆ ಬಂದಿದೆ?

ಮನೆಯಲ್ಲಿ ಅವ್ವ ಒಬ್ಬಳೇ. ಹೆಂಡತಿ ವಿದ್ಯಾಶ್ರೀ ಮಗಳನ್ನು ಕರೆದುಕೊಂಡು ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಬೆವರಿನ ಅಂಗಿ ಬಿಚ್ಚಿ ಮೊಳೆಗೆ ಹಾಕಿ ಹುಲಗೇಶ ಹಿತ್ತಲಿಗೆ ಕೈಕಾಲು ತೊಳೆಯಲು ಹೋದ. ಅದೇ ತಪ್ಪಾಯಿತು. ಮುಖ ಒರೆಸಿಕೊಳ್ಳುತ್ತ ಒಳಗೆ ಬರುವಷ್ಟರಲ್ಲಿ ಚೌಡವ್ವ ಮೊಳೆಯ ಹತ್ತಿರ ನಿಂತಿದ್ದಳು. ಗೇಮು ಅವಳ ಅಂಗೈಯಲ್ಲಿತ್ತು.

ಅವಳು ಬೈಯಲಿಲ್ಲ. ಮುಖದಲ್ಲಿ ಒಂದು ನಮೂನೆಯ ಸಮಾಧಾನವೇ ಇತ್ತು, ಬಹಳ ದಿನ ಹುಡುಕಿದ್ದು ಸಿಕ್ಕವರ ಹಾಗೆ.

"ಎಲ್ಲಿ ಮುಚ್ಚಿ ಇಟ್ಟಿದ್ದೆಪಾ ಇಷ್ಟ ದಿನಾ?"

ಹುಲಗೇಶ ಮುಖ ಒರೆಸಿಕೊಳ್ಳುವುದನ್ನು ಬಿಟ್ಟು ಅವಳ ಹತ್ತಿರ ಬಂದ. "ಯವ್ವಾ, ನಾ ಇಟ್ಟಿದ್ದಿಲ್ಲ. ವೀರಮ್ಮಾರ ಟ್ರಂಕಿನ್ಯಾಗ ಇತ್ತು. ಇವತ್ತ ಸಿಕ್ತು. ಅವರ ಇಟ್ಟಿದ್ರಂತ, ಅವರ ಬಾಯೀಲೆ ಹೇಳಿದ್ರು."

"ಇರಲಿ. ನಾ ಏನೂ ಅನ್ನೂದಿಲ್ಲ. ಈಗರ ಕೊಟ್ಟ ಬಾ. ನಾ ಸಾಯೂದ್ರೊಳಗ ಇದೊಂದು ಮುಗೀಲಿ."

"ಹೇಳಾಕತ್ತೇನಿ ಕೇಳಬೇ! ನಾ ತಗೊಂಡಿದ್ದಿಲ್ಲ!"

"ಅಕ್ಕಿ ಸುಳ್ಳ ಹೇಳ್ತೈತೇನೋ, ಹುಲಗಪ್ಪ?" ಚೌಡವ್ವ ಮೆಲ್ಲಗೆ ಕೇಳಿದಳು. ಅದೇ ಮಾತು. ಎರಡು ಮನೆಯ ಇಬ್ಬರು ಮುದುಕಿಯರು, ಒಬ್ಬರು ಇನ್ನೊಬ್ಬರ ಕಟ್ಟೆ ಹತ್ತದವರು, ಇದೊಂದು ಮಾತಿನಲ್ಲಿ ಮಾತ್ರ ಒಂದಾಗಿದ್ದರು.

ಹುಲಗೇಶ ರುದ್ರೇಶನಿಗೆ ಫೋನು ಹಚ್ಚಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದ. ಕಟ್ಟಾಯಿತು. ಅವನು ಫೋನನ್ನು ಹಾಸಿಗೆಯ ಮೇಲೆ ಒಗೆದ.

"ತಾ. ಅಕ್ಕಿ ತಾ. ಈಗ ತಿಂದ ತೋರಸ್ತೇನಿ."

ಅವಳು ತಂದೇಬಿಟ್ಟಳು. ಗಡಿಗೆಯಿಂದ ಒಂದು ಹಿಡಿ ಅಕ್ಕಿ ತೆಗೆದು, ಹುಲಿಗೆಮ್ಮನ ಫೋಟೋದ ಮುಂದೆ ಹಿಡಿದು, "ನಿನ್ನ ಹೆಸರ ಇಟ್ಟ ಮಗಾ ಅದಾನ, ಖರೇ ಇದ್ದದ್ದು ತೋರಸವ್ವ" ಎಂದು ಬೇಡಿಕೊಂಡು, ಚಿಟಿಕೆಯಷ್ಟನ್ನು ಮಗನ ಬಾಯಿಗೆ ಹಾಕಿದಳು. ಖರೇ ಹೇಳಬೇಕೆಂದರೆ, ಅಕ್ಕಿ ನೆನೆದು ಬರಲಿ ಎಂದು ಅವನಿಗಿಂತ ಅವಳೇ ಹೆಚ್ಚು ಬೇಡುತ್ತಿದ್ದಳು.

ಹುಲಗೇಶ ಅಗಿದ. ಬೆಳಗಿನಿಂದ ಮೂರು ಟ್ರಿಪ್ ಸಾಮಾನು ಹೊತ್ತವನು, ಒಂದು ಕಪ್ ಚಹಾದ ಮೇಲೆ ದಿನ ತಳ್ಳಿದವನು, ದಾರಿಯ ಧೂಳನ್ನೆಲ್ಲ ಕುಡಿದವನು. ತಟ್ಟೆಗೆ ಉಗುಳಿದ. ಹಿಟ್ಟು ಒಣಒಣಗಿ ಬಿತ್ತು.

ಚೌಡವ್ವ ಕಣ್ಣು ಮುಚ್ಚಿದಳು. "ನೋಡಿದಿ?" ಎಂದಳು.

ಹುಲಗೇಶನಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿ, ಅವಳ ಹಿಡಿಯಲ್ಲಿ ಉಳಿದಿದ್ದ ಅಕ್ಕಿಯಿಂದಲೇ ಒಂದು ಚಿಟಿಕೆ ತೆಗೆದು ಅವಳ ಮುಂದೆ ಹಿಡಿದ. "ಈಗ ನೀ ತಿನ್ನು."

"ನಾ ಯಾಕೋ?"

"ನೀ ಯಾರದೂ ಏನೂ ಮುಟ್ಟಿಲ್ಲಲ್ಲ? ಅದ ದೇವಿ, ಅದ ಅಕ್ಕಿ. ತಿನ್ನು."

ಅವಳು ಅವನ ಮುಖ ನೋಡಿದಳು, ಫೋಟೋ ನೋಡಿದಳು, ಬಾಯಿಗೆ ಹಾಕಿಕೊಂಡಳು. ಉಳಿದಿದ್ದ ನಾಲ್ಕು ಹಲ್ಲುಗಳಲ್ಲಿ ಬಹಳ ಹೊತ್ತು ನುರಿಸಿದಳು. ಸಕ್ಕರೆ ಬೇನೆಯ ಮೈ, ದಿನಕ್ಕೆ ಐದು ಗುಳಿಗೆ ನುಂಗುವ ಬಾಯಿ. ಉಗುಳಲು ಹೋದರೆ ಉಗುಳು ಬರಲಿಲ್ಲ. ಕಡೆಗೆ ಬೆರಳಿನಿಂದ ತೆಗೆದು ತಟ್ಟೆಯಲ್ಲಿ ಇಟ್ಟಳು. ಅವನದರ ಪಕ್ಕದಲ್ಲಿ ಇನ್ನೊಂದು ಒಣ ಹಿಟ್ಟಿನ ಗುಡ್ಡೆ. ಯಾವುದು ಯಾರದು ಎಂದು ಹೇಳಲು ಬರುತ್ತಿರಲಿಲ್ಲ.

ಅವಳು ತಟ್ಟೆಯನ್ನು ನೋಡುತ್ತ ಕೂತಳು. ಹೊರಗೆ ಯಾರದೋ ಎಮ್ಮೆ ಕೂಗಿತು.

"ನಾ ಯಾರ ಮನೀದೂ ಒಂದ ಕಡ್ಡಿ ಮುಟ್ಟಿಲ್ಲೋ ಯಪ್ಪಾ."

"ಗೊತ್ತೈತಿ."

"ಗುಳಿಗಿ ತಗೊಂಡ್ರ ನನಗ ಬಾಯಿ ಒಣಗತೈತಿ."

"ಗೊತ್ತೈತಿ ಬೇ."

ತಟ್ಟೆಯನ್ನು ಅವನ ಕಡೆಗೆ ಸರಿಸಿ ಕೇಳಿದಳು, "ಅವತ್ತ ನಿನಗ ಯಾಕ ಒಣಗಿತ್ತೋ?"

ಇಪ್ಪತ್ತೈದು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹುಲಗೇಶ ಗೋಡೆಗೆ ಒರಗಿದ. "ನಸಕಿನ್ಯಾಗ ಹೋದಾಂವಾ, ಮಧ್ಯಾಹ್ನತನಕಾ ಬಿಸಿಲಾಗ ಕುಂದರಿಸಿದ್ರು. ನೀ ರಸ್ತೇದಾಗ ನಿಂತ ಅಳಾಕತ್ತಿದ್ದಿ. ನೀ ಅಳೂದ ನೋಡಿ ನನಗ ಹೆದರಿಕಿ ಬಂದಿತ್ತು."

ಚೌಡವ್ವ ಎದ್ದಳು. ಮೊಣಕಾಲು ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ಮೂಲೆಗೆ ಹೋಗಿ ಕೊಡದಲ್ಲಿ ತಂಬಿಗೆ ಅದ್ದಿದಳು. ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಅರ್ಧ ನೀರು ದಾರಿಯಲ್ಲೇ ಚೆಲ್ಲುತ್ತ ಮಗನ ಹತ್ತಿರ ಬಂದಳು.

"ಒಂದ ಗುಟಕ ನೀರ ಕೊಡಬೇಕಿತ್ತು ನಾ. ಬರಲ ಹುಡುಕಿದೆ," ಎಂದಳು.

ಹುಲಗೇಶ ಕುಡಿದ. ಅರ್ಧ ಉಳಿಸಿ ಅವಳಿಗೆ ಕೊಟ್ಟ, ಅವಳೂ ಕುಡಿದಳು. ಇಬ್ಬರಿಗೂ ಆಯಾಸವಾಗಿತ್ತು. ಅವನು ಅಲ್ಲೇ ನೆಲದ ಮೇಲೆ ಕಾಲು ಚಾಚಿ ಮಲಗಿ ಕಣ್ಣು ಮುಚ್ಚಿದ. ಅವ್ವ ತಟ್ಟೆಯ ಹಿಟ್ಟನ್ನು ಹಿತ್ತಲಿಗೆ ಚೆಲ್ಲಿ ಬಂದದ್ದು ಕೇಳಿಸಿತು. ಆಮೇಲೆ ಅವಳ ಹೆಜ್ಜೆ ಮೊಳೆಯ ಕಡೆಗೆ ಹೋಯಿತು. ಹುಲಗೇಶ ಅರೆಗಣ್ಣು ತೆರೆದು ನೋಡಿದ. ಚೌಡವ್ವ ಗೇಮನ್ನು ಸೆರಗಿನಿಂದ ಒರೆಸಿ ಅವನ ಅಂಗಿಯ ಜೇಬಿನಲ್ಲಿಟ್ಟು, ಜೇಬಿನ ಗುಂಡಿ ಹಾಕುತ್ತಿದ್ದಳು.